ಆರ್‌ಸಿಯಲ್ಲಿಲ್ಲದ ಹೆಸರು

ನಮ್ಮ ಮನೆಯ ಕಾರಿಗೆ ನಾನು ಮೂರನೇ ಮಾಲೀಕ. 2006ರ ಟೊಯೋಟಾ ಕೊರೊಲಾ, ಬೆಳ್ಳಿ ಬಣ್ಣ, ನೋಂದಣಿ ಕೆಎ-35, ಅಂದರೆ ಹೊಸಪೇಟೆ. ಮೊದಲ ಮಾಲೀಕರು ಹೊಸಪೇಟೆಯಲ್ಲಿ ಅದಿರು ಸಾಗಿಸುವ ಲಾರಿಗಳನ್ನು ಇಟ್ಟುಕೊಂಡಿದ್ದವರು. ಎರಡನೆಯವರು ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ. 2016ರಲ್ಲಿ ಅವರಿಂದ 2 ಲಕ್ಷ 40 ಸಾವಿರ ರೂಪಾಯಿ ಕೊಟ್ಟು ಕೊಟ್ಟೂರಿಗೆ ತಂದೆ. ಹೊಸದಾಗಿದ್ದಾಗ ಹತ್ತು ಲಕ್ಷದ ಆಸುಪಾಸಿನಲ್ಲಿದ್ದ ಕಾರು ಹತ್ತು ವರ್ಷದಲ್ಲಿ ಒಬ್ಬ ಮೇಷ್ಟ್ರ ಕೈಗೆಟುಕುವಷ್ಟು ಇಳಿದಿತ್ತು.

ಕಾರಿನ ಜೊತೆ ವ್ಯಾಪಾರಿ ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಶಾಲೆಯ ಮಕ್ಕಳು ಬಳಸುವ ನೂರು ಪುಟದ ನೋಟ್‌ಬುಕ್ಕು. ಮೊದಲ ಮಾಲೀಕರ ಡ್ರೈವರ್ ಬರೆದದ್ದಂತೆ. ದಿನಾಂಕ, ಕಿಲೋಮೀಟರು, ಮುಂದೆ ಏನು ಮಾಡಿಸಿದ್ದು: 'ಆಯಿಲ್', 'ಏರ್ ಫಿಲ್ಟರ್', 'ಮುಂದಿನ ಎರಡು ಟೈರ್', 'ಎಸಿ ಗ್ಯಾಸ್'. ಅಂಚಿನಲ್ಲಿ ಅಲ್ಲಲ್ಲಿ ಊರುಗಳ ಹೆಸರು: ಸಂಡೂರು, ಅಂಕೋಲಾ, ಪಣಜಿ, ಬೆಂಗಳೂರು. ಎಲ್ಲಿಯೂ ಬರೆದವನ ಹೆಸರಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುವ ನಾನು ಅದನ್ನು ಅಂದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿ ಮರೆತೆ. ಅದನ್ನು ಮೊದಲು ಓದಿದವರು ಅಪ್ಪ.

ಅಪ್ಪ ಏಳನೇ ತರಗತಿಯವರೆಗೆ ಓದಿದವರು. 1974ರಿಂದ ಇಪ್ಪತ್ತೆಂಟು ವರ್ಷ ಕೊಟ್ಟೂರಿನ ಶೇಂಗಾ ವ್ಯಾಪಾರಿಯೊಬ್ಬರ ಮನೆಯಲ್ಲಿ ಡ್ರೈವರ್ ಆಗಿದ್ದರು. ನೋಟ್‌ಬುಕ್ಕನ್ನು ಕಟ್ಟೆಯ ಮೇಲೆ ಕೂತು ಕೊನೆಯ ಪುಟದವರೆಗೆ ತಿರುವಿ ಹಾಕಿ, 'ಗಾಡಿ ತಗೋ. ಇಷ್ಟು ಬರದಾವ ಗಾಡಿ ಕೆಡಿಸಿರಂಗಿಲ್ಲ' ಅಂದರು.

ಆ ಮಾತಿನ ಹಿಂದೆ ಇರುವ ಚರಿತ್ರೆ ಕಾರಿಗಿಂತ ಬಹಳ ಹಳೆಯದು.

ನಮ್ಮ ಭಾಗ, ಅಂದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು, ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ, ಉಳಿದ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ವರ್ಷ ದೆಹಲಿಯಲ್ಲಿ ಇನ್ನೊಂದು ತೀರ್ಮಾನವಾಯಿತು. ಪೂರ್ತಿ ಜೋಡಿಸಿದ ಕಾರುಗಳ ಆಮದನ್ನು ಸರ್ಕಾರ 1949ರಲ್ಲೇ ತಡೆದಿತ್ತು. 1953ರಲ್ಲಿ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವ ಕಂಪನಿಗಳಿಗೆ ಅಂಗಡಿ ಮುಚ್ಚಲು ಹೇಳಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ಊರ ಸಾಹುಕಾರರ ಮನೆಗಳಲ್ಲಿದ್ದ ಷವರ್ಲೆ, ಫೋರ್ಡ್ ಕಾರುಗಳಿಗೆ ಅಂದಿನಿಂದ ಹೊಸ ಬಿಡಿಭಾಗ ಸಿಗುವುದು ಕಷ್ಟವಾಯಿತು. ನಮ್ಮಲ್ಲಿ ಕಾರಿನ 'ಆರೈಕೆ' ಎಂಬುದು ಶುರುವಾದದ್ದು ಹೀಗೆ, ಬೇರೆ ದಾರಿಯಿಲ್ಲದೆ. ಇದ್ದದ್ದನ್ನೇ ಉಳಿಸಿಕೊಳ್ಳಬೇಕಿತ್ತು.

ಆಮೇಲಿನ ಮೂರು ದಶಕ ಎರಡು ಕಾರುಗಳ ಕಾಲ. 1950ರ ದಶಕದ ಕೊನೆಗೆ ಬಂದ, ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಿಡರ್. ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯಟ್, ಮುಂದೆ 'ಪದ್ಮಿನಿ' ಎಂಬ ಹೆಸರು ಪಡೆದದ್ದು. ಹಣ ಕಟ್ಟಿದವರೂ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಬೆಲೆ ಸರ್ಕಾರ ಗೊತ್ತುಮಾಡಿದ್ದು. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ, ಬೆಲೆಗೆ ಬೇಲಿ. ಹೀಗಾದಾಗ ಬೇಲಿಯಿಲ್ಲದ ಕಡೆ ಬೆಲೆ ಏರುತ್ತದೆ. ಹಳೆಯ ಕಾರಿಗೆ ಬೆಲೆಕಟ್ಟಿರಲಿಲ್ಲ. ಆದ್ದರಿಂದ ಚೆನ್ನಾಗಿಟ್ಟ ಸೆಕೆಂಡ್ ಹ್ಯಾಂಡ್ ಫಿಯಟ್ಟು ಶೋರೂಮಿನ ಹೊಸ ಫಿಯಟ್ಟಿಗಿಂತ ದುಬಾರಿಯಾಗಿ ಮಾರಾಟವಾಗುವ ವಿಚಿತ್ರ ನಡೆಯಿತು. ಅಂಥ ಲಾಭಕೋರತನ ತಡೆಯಲೆಂದೇ 1959ರ ಮೋಟಾರು ಕಾರು ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ, ಹೊಸ ಕಾರು ಕೊಂಡವರು 2 ವರ್ಷದೊಳಗೆ ಅನುಮತಿಯಿಲ್ಲದೆ ಅದನ್ನು ಮಾರಬಾರದೆಂದು ಕಟ್ಟು ಹಾಕಿತ್ತು. ಕಾರು ಮಾರಿ, ಕಾಗದದಲ್ಲಿ ಮಾತ್ರ ಮಾರದೆ ಇರುವ ಅಭ್ಯಾಸ ಆ ಕಾಲದಲ್ಲೇ ಬೇರುಬಿಟ್ಟಿತು ಎಂದು ನನ್ನ ಊಹೆ. ಆ ಅಭ್ಯಾಸ ನಮ್ಮ ಮನೆಗೇ ಹೇಗೆ ಬಂದು ತಟ್ಟಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಅಪ್ಪ ಮೊದಲು ಓಡಿಸಿದ್ದು ಅಂಬಾಸಿಡರ್. 1980ರ ದಶಕದ ಕೊನೆಗೆ ಸಾಹುಕಾರರು ಸೆಕೆಂಡ್ ಹ್ಯಾಂಡ್ ಕಾಂಟೆಸ್ಸಾ ತಂದರು. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಹೊರತಂದ ಕಾಂಟೆಸ್ಸಾ, ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಹಳೆಯ ಅಚ್ಚಿನಿಂದ ಮೂಡಿದ್ದು. ನಮ್ಮವರಿಗೆ 'ಲಕ್ಷುರಿ' ಎಂಬ ಮಾತಿನ ಅರ್ಥ ಗೊತ್ತಾದದ್ದು ಅದರಿಂದ. ಉದ್ದನೆಯ ಮೂತಿ, ಅಗಲದ ಹಿಂದಿನ ಸೀಟು, ಮೆತ್ತನೆ ಓಟ. ಆದರೆ ಮೊದಲ ವರ್ಷಗಳ ಕಾಂಟೆಸ್ಸಾಕ್ಕೆ ಹಾಕಿದ್ದು ಅಂಬಾಸಿಡರಿನದೇ 1489 ಸಿಸಿ ಎಂಜಿನ್ನು. ದೊಡ್ಡ ದೇಹಕ್ಕೆ ಸಣ್ಣ ಉಸಿರು. ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ನು ಬಂದ ಮೇಲೆ ಅದು ನಿಜಕ್ಕೂ ಓಡಿತು. ಬೇಸಿಗೆಯ ಮಧ್ಯಾಹ್ನ ಕೂಡ್ಲಿಗಿ ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಎಷ್ಟು ಸಲ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರ್ ಆರುವುದನ್ನು ಕಾಯಬೇಕಿತ್ತು ಎಂಬುದನ್ನು ಅಪ್ಪ ಈಗಲೂ ಹೇಳುತ್ತಾರೆ.

ಮದುವೆ ತಿಂಗಳಲ್ಲಿ ಆ ಕಾಂಟೆಸ್ಸಾ ಊರಿನದಾಗುತ್ತಿತ್ತು. ಹಡಗಲಿ ಮಲ್ಲಿಗೆಯ ದಂಡೆಗಳನ್ನು ಬಾನೆಟ್ಟಿಗೆ ಇಳಿಬಿಟ್ಟು, ಮದುಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮೆರವಣಿಗೆ. ನಮ್ಮಂಥವರು ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು ಜೀವನದಲ್ಲಿ ಅದೊಂದೇ ದಿನ. ಅಪ್ಪನಿಗೆ ಅದೂ ಇಲ್ಲ. ಅವರ ಮದುವೆ ಆದದ್ದು ಎತ್ತಿನ ಗಾಡಿಯ ಕಾಲದಲ್ಲಿ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಬೆಂಜ್ ಜೋಡಣೆ ಶುರುವಾಯಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಬಂತು. 2003ರಲ್ಲಿ ಅಲ್ಲಿಂದ ಕೊರೊಲಾ ಹೊರಬಿತ್ತು. ಅಷ್ಟರಲ್ಲಿ, 2002ರಲ್ಲೇ, ಕಾಂಟೆಸ್ಸಾ ನಿಂತುಹೋಗಿತ್ತು. ಅಂಬಾಸಿಡರ್ 2014ರವರೆಗೆ ಎಳೆಯಿತು.

ಈಗ ನೋಟ್‌ಬುಕ್ಕಿಗೆ ಬರುತ್ತೇನೆ. ಕಾರು ಕೊಂಡ ಎಷ್ಟೋ ತಿಂಗಳ ನಂತರ ಅದನ್ನು ನಾನು ಓದಿದೆ, ಓದಿ ಬೆರಗಾದೆ. ನಮ್ಮ ಜಿಲ್ಲೆಯ ಇಡೀ ಗಣಿ ದಶಕ ಅದರಲ್ಲಿ ಆಯಿಲ್ ಬದಲಿಸಿದ ಲೆಕ್ಕವಾಗಿ ಕುಳಿತಿತ್ತು.

ಡ್ರೈವರ್ 5 ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುತ್ತಿದ್ದ. ಕಂಪನಿ ಹೇಳಿದ್ದಕ್ಕಿಂತ ಬೇಗ, ಅದಿರಿನ ಧೂಳು ನೋಡಿ. 2006ರಿಂದ 2008ರ ನಡುವೆ ಒಂದೂವರೆ ತಿಂಗಳಿಗೊಮ್ಮೆ ಆ ಸಾಲು ಬರುತ್ತದೆ. ಬೀಜಿಂಗ್ ಒಲಿಂಪಿಕ್ಸಿಗೆ ಮುಂಚೆ ಚೀನಾ ಕಬ್ಬಿಣದ ಅದಿರಿಗೆ ಮುಗಿಬಿದ್ದ ವರ್ಷಗಳವು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲೂ ರಾತ್ರಿ ಕಡಿಯುತ್ತಿರಲಿಲ್ಲ. ರಸ್ತೆಯ ಬೇವಿನ ಮರಗಳೂ ಕೆಂಪಾಗಿದ್ದವು. 2008ರ ಕೊನೆಗೆ ಜಗತ್ತಿನ ಮಾರುಕಟ್ಟೆ ಕುಸಿದು ಅದಿರಿನ ಬೆಲೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ಅಂತರ ಎರಡು ತಿಂಗಳಾಯಿತು, ಮೂರಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಅಂತರ ಇನ್ನೂ ಹಿಗ್ಗಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಗಣಿ ಅಕ್ರಮದ ವರದಿ ಕೊಟ್ಟರು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ದಿನಾಂಕದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಲಿದೆ: 'ಬ್ಯಾಟರಿ ಇಳಿದಿದೆ, ಚಾರ್ಜ್ ಮಾಡಿಸಿದೆ.' ಓಡದೆ ನಿಂತ ಕಾರಿನ ಸಾಲು ಅದು. ಆಮೇಲೆ ಖಾಲಿ ಹಾಳೆಗಳು.

ಆ ವರ್ಷ ನಮ್ಮ ಕಡೆ ಅನೇಕರು ಕಾರು ಮಾರಿದರು. ಲಾರಿಗಳ ಕಂತು ಕಟ್ಟಲಾಗದವರು ಮೊದಲು ಬಿಟ್ಟದ್ದು ಲಾರಿಗಳನ್ನಲ್ಲ, ಮನೆಯ ಮುಂದಿನ ಕಾರನ್ನು. ಬಳ್ಳಾರಿ, ಹೊಸಪೇಟೆಯ ಶ್ರೀಮಂತ ಕಾರುಗಳು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಂಥ ಊರುಗಳಿಗೆ ಹರಿದು ಬಂದವು. ಒಬ್ಬರ ಕಷ್ಟ ಇನ್ನೊಬ್ಬರ ಅಂಗಳದಲ್ಲಿ ಅಂತಸ್ತಾಗಿ ನಿಂತಿತು. ನನ್ನ ಕಾರೂ ಹಾಗೆಯೇ 2012ರಲ್ಲಿ ಹರಪನಹಳ್ಳಿ ಸೇರಿತು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋದ ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಊರುಗಳೇ ಹೀಗೆ ಕೈ ಬದಲಾಯಿಸುವ ನಾಡಿನಲ್ಲಿ ಕಾರಿನದೇನು.

ನೋಟ್‌ಬುಕ್ಕು ಒಳ್ಳೆಯದಿತ್ತು ಎಂದು ಅಪ್ಪ ಕಣ್ಣು ಮುಚ್ಚಿ ಕಾರು ಕೊಳ್ಳಲಿಲ್ಲ. ಹಗರಿಬೊಮ್ಮನಹಳ್ಳಿಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ಹೋದೆವು. ಎಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಬಿಸಿ ಎಂಜಿನ್ನು ತನ್ನ ರೋಗ ಮುಚ್ಚಿಡುತ್ತದೆ. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದು ತಳ ನೋಡಬೇಕು. ಮಜ್ಜಿಗೆಯಂಥ ಬಿಳಿ ನೊರೆ ಇದ್ದರೆ ಒಳಗೆ ನೀರು ಸೇರಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2214 ಎಂದಿದ್ದರೆ 2014ರ 22ನೇ ವಾರ ತಯಾರಾದದ್ದು. ಮೀಟರು ಕಡಿಮೆ ತೋರಿಸಿ, ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಅಪ್ಪ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಬಾಗಿಲುಗಳ ಕೆಳಗೆ ಒತ್ತಿ ನೋಡಿದರು. ಪುಟ್ಟಿ ತುಂಬಿ ಬಣ್ಣ ಹೊಡೆದ ಕಡೆ ಅದು ಹಿಡಿಯುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಒಳಗೆ ಕೆಸರಿನ ಕಲೆ ಇದೆಯೇ ಎಂದು ನೋಡಿದರು. 2015ರ ಡಿಸೆಂಬರಿನಲ್ಲಿ ಚೆನ್ನೈ ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದುಕೊಂಡು ಸುತ್ತಲಿನ ರಾಜ್ಯಗಳಿಗೆ ಬರುತ್ತಿವೆ ಎಂಬ ಭಯ ಆ ವರ್ಷ ಎಲ್ಲರಿಗೂ ಇತ್ತು. ಕೊನೆಗೆ ಚಾಸಿ ನಂಬರನ್ನು ಒರೆಸಿ, ಆರ್‌ಸಿಯ ಜೊತೆ ಒಂದೊಂದೇ ಅಂಕೆ ಓದಿಸಿದರು.

ಮೀಟರು 1,71,000 ತೋರಿಸುತ್ತಿತ್ತು. ನೋಟ್‌ಬುಕ್ಕು 1,52,000ಕ್ಕೆ ನಿಂತಿತ್ತು. ನಾಲ್ಕು ವರ್ಷ ಹರಪನಹಳ್ಳಿಯಲ್ಲಿ ಓಡಿದ್ದು 19 ಸಾವಿರ. ಲೆಕ್ಕ ಕೂಡಿತು. 'ಗಾಡಿ ಬಾಯಿ ಬಿಟ್ಟು ಹೇಳ್ತೈತಿ, ಕೇಳೋ ಕಿವಿ ಬೇಕಷ್ಟೆ' ಎಂದ ಅಪ್ಪ, ಆಮೇಲೆ ಒಂದೇ ಷರತ್ತು ಹಾಕಿದರು: ಹೆಸರು ಬದಲಾಗದೆ ಪೂರ್ತಿ ದುಡ್ಡು ಕೊಡಬಾರದು.

ಅದಕ್ಕೆ ಕಾರಣ ನನ್ನ ಸೋದರಮಾವ. ಹಡಗಲಿಯಲ್ಲಿದ್ದ ಮಾವ ತಮ್ಮ ಹಳೆಯ ಅಂಬಾಸಿಡರನ್ನು ಒಬ್ಬ ದಲ್ಲಾಳಿಗೆ ಮಾರಿದ್ದರು. 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಕೊಟ್ಟರು. ಎಲ್ಲರೂ ಹಾಗೇ ಮಾಡುತ್ತಿದ್ದರು. ಕಾರು ಎಷ್ಟು ಕೈ ಬದಲಾಯಿಸಿತೋ. ನಾಲ್ಕು ವರ್ಷದ ಮೇಲೆ ಮಾವನ ಮನೆಗೆ ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು ಬಂತು. ಅವರು ಕಾಣದ ಊರಿನಲ್ಲಿ, ಅವರಿಗೆ ಗೊತ್ತಿಲ್ಲದ ಒಬ್ಬ ಓಡಿಸುತ್ತಿದ್ದಾಗ, ಆ ಕಾರು ಬೈಕಿಗೆ ಗುದ್ದಿ ಬೈಕಿನವನು ತೀರಿಕೊಂಡಿದ್ದ. ವಿಮೆ ಮುಗಿದಿತ್ತು. ಆರ್‌ಸಿಯಲ್ಲಿ ಮಾವನ ಹೆಸರೇ ಇತ್ತು. ಎರಡು ಎಕರೆ ಹೊಲ ಹೋಯಿತು. ತೀರಿಕೊಂಡವನ ಹೆಂಡತಿ ಎರಡು ಮಕ್ಕಳನ್ನು ಕರೆದುಕೊಂಡು ನ್ಯಾಯಮಂಡಳಿಗೆ ಬರುತ್ತಿದ್ದಳಂತೆ. 'ಆಕಿಗೆ ಯಾರಾದರೂ ಕೊಡಬೇಕಲ್ಲ' ಎಂದು ಮಾವ ಒಮ್ಮೆ ಮಾತ್ರ ಹೇಳಿದ್ದರು.

ಕಾನೂನೂ ಅದನ್ನೇ ಹೇಳುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ, 2007ರಲ್ಲಿ ಮಾರಾಟವಾದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದು ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ನೊಂದವರು ಕೊನೆಯ ಮಾಲೀಕನನ್ನು ಹುಡುಕುತ್ತ ಊರೂರು ಅಲೆಯುವಂತಾಗಬಾರದು ಎಂಬುದು ಅದರ ತರ್ಕ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. 2023ರ ಏಪ್ರಿಲ್‌ನಿಂದ ಹಳೆಯ ಕಾರು ಮಾರುವ ಡೀಲರುಗಳಿಗೂ ಪರವಾನಗಿ ಬೇಕು, ಕಾರು ಅವರ ಕೈಗೆ ಬಂದದ್ದನ್ನು 29ಸಿ ನಮೂನೆಯಲ್ಲಿ ತಿಳಿಸಬೇಕು ಎಂಬ ನಿಯಮ ಬಂದಿದೆ. ಮಾವನ ಕಾಲಕ್ಕೆ ಅದಿರಲಿಲ್ಲ.

ಕೊಂಡ ಮೇಲಿನ ಆರೈಕೆಯನ್ನು ನಾನು ಕಲಿತದ್ದು ಅಪ್ಪನಿಂದ; ಅದರ ಅರ್ಧ ಪಾಠ ನಮ್ಮ ಸೀಮೆಯದೇ. ನಮ್ಮ ಬೋರಿನ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಹೆಕ್ಕಳ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ, ಎಂಜಿನ್ನು ಕಾಯುತ್ತದೆ. ಕಂಪನಿಯ ಕೂಲಂಟ್ ಬಿಟ್ಟು ಬೇರೆ ಏನನ್ನೂ ಅಪ್ಪ ಸುರಿಯಗೊಡುವುದಿಲ್ಲ. ಧೂಳಿನ ಊರಾದ್ದರಿಂದ ಏರ್ ಫಿಲ್ಟರನ್ನು ಬೇಗ ಬದಲಿಸಬೇಕು. ಸುಗ್ಗಿಯಲ್ಲಿ ರೈತರು ರಸ್ತೆಗೇ ಹುರುಳಿ, ರಾಗಿ ಹರವುತ್ತಾರೆ. ಹುರುಳಿಯ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರಿಗೆ ತಗುಲಿ ಕಾರಿಗೇ ಬೆಂಕಿ ಹತ್ತಬಹುದು. ಕಣ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ, ಕೆಳಗೆ ನೋಡಿ ಮುಂದೆ ಹೋಗಬೇಕು. ಮೆಕ್ಕೆಜೋಳ ತುಂಬಿದ ಮನೆಗಳಲ್ಲಿ ಇಲಿಗಳು ವೈರು ಕಡಿಯುತ್ತವೆ. ಓಡದೆ ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ವಾರಕ್ಕೊಮ್ಮೆಯಾದರೂ ಕೂಡ್ಲಿಗಿವರೆಗೆ ಹೋಗಿ ಬರುತ್ತೇವೆ.

2017ರ ಫೆಬ್ರವರಿ 21ರಂದು ಕೊಟ್ಟೂರೇಶ್ವರನ ತೇರು ಎಳೆಯುವಾಗ ಉರುಳಿಬಿತ್ತು. ಸುಮಾರು 60 ಅಡಿಯ ತೇರು ಸಾವಿರಾರು ಜನರ ಕಣ್ಣೆದುರೇ ವಾಲಿ ಬಿತ್ತು, ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣವೆಂದು ಸುದ್ದಿಯಾಯಿತು. ಅಂದು ರಾತ್ರಿ ಊರಿನಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಕಾರಿಗೆ ಜಾಕ್ ಕೊಟ್ಟು ಅದರ ಅಡಿಗೆ ಹೋಗಿದ್ದರು. ಆಕ್ಸೆಲಿನ ರಬ್ಬರು ಒಂದು ಕಡೆ ಸೀಳಿ ಗ್ರೀಸು ಹೊರಬರುತ್ತಿತ್ತು. 'ಮ್ಯಾಲೆ ಹೂವು ಕಟ್ಟಾವ್ರು ಬಾಳ ಮಂದಿ' ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. 2021ರಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ 5 ವರ್ಷಕ್ಕೆ ನವೀಕರಿಸಿದೆ. ಆಗ ನವೀಕರಣ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಎಂದಾಯಿತು. ಹಳೆಯ ಗಾಡಿಗಳು ಗುಜರಿಗೆ ಹೋಗಲಿ ಎಂಬುದು ಸರ್ಕಾರದ ಆಸೆ; ಹೊಗೆಯನ್ನು ನೆನೆದರೆ ಅದನ್ನು ತಪ್ಪೆನ್ನಲಾರೆ. ಪೆಟ್ರೋಲಿಗೆ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿದೆ. ಹಳೆಯ ಕಾರಿನ ರಬ್ಬರು ಪೈಪುಗಳನ್ನು ಬೇಗ ಬದಲಿಸಬೇಕೆಂದು ಮೇಸ್ತ್ರಿ ಎಚ್ಚರಿಸಿದ್ದಾರೆ. 2026ರಲ್ಲಿ ಕಾರಿಗೆ 20 ತುಂಬುತ್ತದೆ. ಇಡಬೇಕೋ ಬಿಡಬೇಕೋ ಎಂದು ಮನೆಯಲ್ಲಿ ಮಾತು ನಡೆದಿದೆ.

ಮೊನ್ನೆ ಕಾಗದಪತ್ರ ಜೋಡಿಸುವಾಗ ನೋಟ್‌ಬುಕ್ಕು ಮತ್ತೆ ಕೈಗೆ ಬಂತು. ಡ್ರೈವರ್ ಬಿಟ್ಟ ಖಾಲಿ ಹಾಳೆಗಳ ನಂತರ, 2016ರಿಂದ, ಇನ್ನೊಂದು ಕೈಬರಹ ಶುರುವಾಗುತ್ತದೆ. ಅಕ್ಷರ ದಪ್ಪ, ಸ್ವಲ್ಪ ಎಡಕ್ಕೆ ವಾಲಿದ್ದು. 'ಆಯಿಲ್', 'ಕೂಲಂಟ್', 'ಆಕ್ಸೆಲ್ ರಬ್ಬರ್'. ಹತ್ತು ವರ್ಷದಿಂದ ಅಪ್ಪ ಬರೆಯುತ್ತಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ. ಅವರೂ ಎಲ್ಲಿಯೂ ತಮ್ಮ ಹೆಸರು ಬರೆದಿಲ್ಲ.

ಮಾವನ ಹೆಸರು ಆರ್‌ಸಿಯಲ್ಲಿತ್ತು, ಕಾರು ಅವರದಾಗಿರಲಿಲ್ಲ. ಹೊಸಪೇಟೆಯ ಆ ಡ್ರೈವರು, ನಮ್ಮಪ್ಪ, ಇವರ ಕೈಯಲ್ಲಿ ಕಾರುಗಳಿದ್ದವು, ಹೆಸರು ಎಲ್ಲಿಯೂ ಇಲ್ಲ. ನಾನು ತರಗತಿಯಲ್ಲಿ ದಾಖಲೆ ದಾಖಲೆ ಎಂದು ಹೇಳುವಾಗ ಇನ್ನು ಮುಂದೆ ಈ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಬೇಕೆಂದಿದ್ದೇನೆ.

ನವೀಕರಣಕ್ಕೆ ದಿನ ಗೊತ್ತಾಗಿದೆ. ಹೊಸಪೇಟೆಗೆ ನಾನು ಓಡಿಸುತ್ತೇನೆ, ನೀವು ಹಿಂದೆ ಆರಾಮಾಗಿ ಕೂತುಕೊಳ್ಳಿ ಎಂದೆ. 'ಹಿಂದ ಕುಂತ್ರ ಎಂಜಿನ್ ಸದ್ದು ಕೇಳಂಗಿಲ್ಲ' ಎಂದು ಅಪ್ಪ ಮುಂದಿನ ಬಾಗಿಲು ತೆಗೆದರು.